ಓದಿದ ಮಗಳ ಮಾತಿಗೆ ಬೆಲೆ ಉಂಟೇ?

ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ನಮ್ಮ ಊರುಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಎಸೆಸೆಲ್ಸಿ, ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಪಡೆದ ಮಕ್ಕಳ ಹೆಸರು, ಕೆಳಗೆ ಜಮಾಅತ್ ಕಮಿಟಿಯ ಶುಭಾಶಯ. ಹೆಣ್ಣುಮಕ್ಕಳ ಹೆಸರುಗಳು ಅದರಲ್ಲಿ ಧಾರಾಳ ಇರುತ್ತವೆ. ಐದನೇ ಕ್ಲಾಸಿಗೋ ಏಳನೇ ಕ್ಲಾಸಿಗೋ ಶಾಲೆ ಬಿಡಿಸಿ ಬೀಡಿಯ ತಡ್ಪೆ ಕೈಗೆ ಕೊಡುತ್ತಿದ್ದ ಮನೆಗಳ ಮೊಮ್ಮಕ್ಕಳು ಇವರು. ಸಂತೋಷದ ವಿಷಯವೇ, ಸಂಶಯ ಇಲ್ಲ.

ಆದರೆ ಫ್ಲೆಕ್ಸ್ ಇಳಿಸಿದ ಮೇಲೆ ಏನು? ಅದೇ ಮಗಳ ನಿಕಾಹ್ ಮಾತುಕತೆಯಲ್ಲಿ ಅವಳನ್ನು ಯಾರಾದರೂ ಕೇಳುತ್ತಾರಾ? ಮಹರ್ ಎಷ್ಟು ಎಂದು ನಿಶ್ಚಯಿಸುವಾಗ ಅವಳು ಅಲ್ಲಿ ಇರುತ್ತಾಳಾ? ಮದುವೆಯಲ್ಲಿ ಬಿಕ್ಕಟ್ಟು ಬಂದು ಜಮಾಅತಿನ ಮುಂದೆ ಪಂಚಾಯ್ತಿಗೆ ಕೂತಾಗ ಅವಳ ಪರವಾಗಿ ಮಾತಾಡುವುದು ಉಪ್ಪನೋ ಮಾವನೋ. ಅವಳು ಒಳಕೋಣೆಯಲ್ಲಿ, ಬಾಗಿಲ ಹಿಂದೆ. ಡಿಗ್ರಿ ಸರ್ಟಿಫಿಕೇಟ್ ಗೋದ್ರೇಜ್ ಕಪಾಟಿನ ಒಳಗೆ.

ಓದು ಬಂದರೆ ಧ್ವನಿಯೂ ತಾನಾಗಿ ಬರುತ್ತದೆ ಎಂದು ನಾವು ನಂಬಿದ್ದೇವೆ. ಅದು ಅರ್ಧ ನಿಜ. ಯಾವ ಓದು, ಯಾರ ಮುಂದೆ, ಯಾವ ವಿಷಯದಲ್ಲಿ ಎಂಬುದರ ಮೇಲೆ ಉಳಿದರ್ಧ ನಿಂತಿದೆ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಚಂದ್ರಗಿರಿ ಹೊಳೆಯ ದಡದಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ್ದ ಒಬ್ಬ ಹೆಣ್ಣುಮಗಳ ಬದುಕನ್ನು ನೋಡಿದರೆ ಸಾಕು.

ಲೈಬ್ರರಿ ಕಾರ್ಡಿಗೆ ಕಾದವರು

ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೇರಳಕ್ಕೆ ಹೋದದ್ದು 1956ರಲ್ಲಿ. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ಬೆಳೆದ ನಮ್ಮವರಿಗೆ ಇದು ಹೊಸತಲ್ಲ. ಆದರೆ ಆ ಕಾಲದಲ್ಲಿ ಮುಸ್ಲಿಂ ಹುಡುಗಿಯೊಬ್ಬಳು ಹೈಸ್ಕೂಲು ಮುಗಿಸಿದ್ದು ಹೊಸತು. ಆ ಭಾಗದಲ್ಲಿ ಹಾಗೆ ಓದಿದ ಮೊದಲ ಕೆಲವರಲ್ಲಿ ಅವರೊಬ್ಬರು.

ಮುಂದೆ ಓದಬೇಕೆಂಬ ಆಸೆ ಇತ್ತು, ಸಮುದಾಯದ ಕಟ್ಟಳೆ ಬಿಡಲಿಲ್ಲ. ಇಂಜಿನಿಯರ್ ಅಬೂಬಕ್ಕರ್ ಅವರೊಂದಿಗೆ ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಒಂದು ಲೈಬ್ರರಿಯ ಸದಸ್ಯತ್ವ ಅವರಿಗೆ ಸಿಕ್ಕಿದ್ದು 1963ರಲ್ಲಿ ಎಂದು ಅವರೇ ಹೇಳಿಕೊಂಡಿದ್ದರು. ಅವರ ಮೊದಲ ಲೇಖನ 'ಲಂಕೇಶ್ ಪತ್ರಿಕೆ'ಯಲ್ಲಿ ಅಚ್ಚಾದದ್ದು 1981ರಲ್ಲಿ. ಲೆಕ್ಕ ಹಾಕಿ ನೋಡಿ: ಲೈಬ್ರರಿ ಕಾರ್ಡು ಕೈಗೆ ಬಂದಾಗ ಇಪ್ಪತ್ತೇಳರ ಆಸುಪಾಸು, ಮೊದಲ ಬರಹ ಬಂದಾಗ ನಲವತ್ತೈದು. ನಡುವೆ 18 ವರ್ಷ. ಅಡುಗೆ, ಮಕ್ಕಳು, ನೆಂಟರಿಷ್ಟರ ಮಧ್ಯೆ ಒಂದೊಂದೇ ಪುಸ್ತಕ ತಂದು ಓದಿ ವಾಪಸ್ ಕೊಟ್ಟ 18 ವರ್ಷ.

"ಮದುವೆಯಾಗಿ ಮಕ್ಕಳಾಯಿತು, ಇನ್ನೆಂಥ ಓದು" ಎನ್ನುವ ನಮ್ಮ ಮನೆಗಳ ಉಮ್ಮಂದಿರು ಈ ಲೆಕ್ಕವನ್ನು ನೆನಪಿಡಬೇಕು. ಸಾರಾ ಅವರ ಹತ್ತಿರ ದೊಡ್ಡ ಡಿಗ್ರಿ ಇರಲಿಲ್ಲ. 2006ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು, 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಯೂನಿವರ್ಸಿಟಿ ಅವರ ಬಳಿಗೆ ಬಂತು, ಅವರು ಯೂನಿವರ್ಸಿಟಿಗೆ ಹೋದದ್ದಲ್ಲ.

ನಾದಿರಾಳಿಗೆ ಗೊತ್ತಿಲ್ಲದ ವಿಷಯ

1984ರಲ್ಲಿ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಪುಸ್ತಕವಾಗಿ ಬಂತು. ಕತೆ ನಮ್ಮಲ್ಲಿ ಹಲವರಿಗೆ ಗೊತ್ತೇ ಉಂಟು. ಹಣದ ವಿಚಾರಕ್ಕೆ ಅಳಿಯನ ಮೇಲೆ ಸಿಟ್ಟಾದ ತಂದೆ ಮಗಳು ನಾದಿರಾಳನ್ನು ಮನೆಗೆ ಕರೆತಂದು ಗಂಡನಿಂದ ತಲಾಖ್ ಕೊಡಿಸುತ್ತಾನೆ. ಗಂಡಹೆಂಡತಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಉಂಟು, ಮತ್ತೆ ಒಂದಾಗಬೇಕು. ಅದಕ್ಕೆ ಅವಳು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು ಎಂದಾಗುತ್ತದೆ. ನಾದಿರಾ ಪಳ್ಳಿಯ ಕೆರೆಗೆ ಹಾರುತ್ತಾಳೆ.

ಶಾಬಾನು ಪ್ರಕರಣದ ತೀರ್ಪು ಬಂದದ್ದು 1985ರಲ್ಲಿ. ಅಂದರೆ ಇಡೀ ದೇಶ ಮುಸ್ಲಿಂ ಹೆಣ್ಣಿನ ಬಗ್ಗೆ ಬಾಯಿಗೆ ಬಂದಂತೆ ಮಾತಾಡಲು ಶುರು ಮಾಡುವ ಮೊದಲೇ ನಮ್ಮ ಕರಾವಳಿಯ ಒಬ್ಬ ಗೃಹಿಣಿ ಈ ಕತೆ ಬರೆದಾಗಿತ್ತು.

ಪುಸ್ತಕಕ್ಕೆ ನಮ್ಮವರಿಂದ ದೊಡ್ಡ ವಿರೋಧ ಬಂತು. ಧರ್ಮದ ಹೆಸರು ಕೆಡಿಸಿದಳು ಎಂದರು. ಆ ಸಿಟ್ಟು ಕೆಲವು ಮನೆಗಳಲ್ಲಿ ಇವತ್ತಿಗೂ ಆರಿಲ್ಲ. ಆದರೆ ಕತೆಯನ್ನು ತಣ್ಣಗೆ ಕೂತು ಓದಿದರೆ ಒಂದು ವಿಷಯ ಕಾಣುತ್ತದೆ. ನಾದಿರಾಳನ್ನು ಕೆರೆಗೆ ತಳ್ಳಿದ್ದು ಅಪ್ಪನ ದರ್ಪ; ಅದಕ್ಕೆ ನೀರೆರೆದದ್ದು ಅವಳ ಸುತ್ತಲಿದ್ದವರ ಅರಿವುಗೇಡಿತನ. ದಂಪತಿಯ ಮಧ್ಯೆ ಬಿರುಕು ಬಂದರೆ ಗಂಡನ ಕಡೆಯ ಒಬ್ಬ, ಹೆಣ್ಣಿನ ಕಡೆಯ ಒಬ್ಬ ಮಧ್ಯಸ್ಥರನ್ನು ಕೂರಿಸಬೇಕೆಂದು ಕುರ್‌ಆನಿನ ನಾಲ್ಕನೇ ಅಧ್ಯಾಯದ 35ನೇ ವಚನ ಹೇಳುತ್ತದೆ. ಒಪ್ಪಂದ ಮಾಡಿಕೊಂಡು ಹಲಾಲ ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ ಹದೀಸ್ ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿ ಉಂಟು. ಇದನ್ನು ಆ ಮನೆಯಲ್ಲಿ ಹೇಳಬಲ್ಲ ಒಬ್ಬಳೇ ಒಬ್ಬಳು ಹೆಣ್ಣು ಇದ್ದಿದ್ದರೆ? ಉಮ್ಮ ಅಳುತ್ತಾಳೆ, ಮಗಳು ಅಳುತ್ತಾಳೆ. ಅಳು ಪಂಚಾಯ್ತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. "ಇದು ಎಲ್ಲಿ ಬರೆದಿದೆ, ತೋರಿಸಿ" ಎಂಬ ಮಾತು ಲೆಕ್ಕಕ್ಕೆ ಬರುತ್ತದೆ.

ವಾದಿಸಿದ ಹೆಣ್ಣಿನ ಹೆಸರಿನ ಅಧ್ಯಾಯ

ಹೆಣ್ಣು ಎದುರು ಮಾತಾಡುವುದು ಅದಬ್ ಅಲ್ಲ ಎನ್ನುವವರು ಕುರ್‌ಆನಿನ 58ನೇ ಅಧ್ಯಾಯದ ಹೆಸರನ್ನು ಒಮ್ಮೆ ನೋಡಬೇಕು. 'ಅಲ್ ಮುಜಾದಿಲ' ಅಂದರೆ ವಾದಿಸಿದವಳು. ಖೌಲಾ ಬಿಂತ್ ಸಅ್‌ಲಬ(ರ) ಎಂಬವರ ಗಂಡ ಸಿಟ್ಟಿನಲ್ಲಿ, ನೀನು ನನಗೆ ತಾಯಿಯ ಹಾಗೆ ಎಂದು ಹೇಳಿ ದೂರ ಮಾಡಿದ. ಆ ಕಾಲದ ಅರಬರಲ್ಲಿ ಹಾಗೆ ಹೇಳಿದರೆ ಆಯಿತು. ಹೆಣ್ಣು ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯೂ ಇಲ್ಲ. ಅದು ರೂಢಿ ಎಂದು ಖೌಲಾ ಸುಮ್ಮನೆ ಕೂರಲಿಲ್ಲ. ಪ್ರವಾದಿಯವರ(ಸ) ಬಳಿ ಹೋಗಿ ವಾದಿಸಿದರು, ಅಲ್ಲಾಹನಲ್ಲಿ ದೂರಿಕೊಂಡರು. ಅವರ ಮಾತನ್ನು ಅಲ್ಲಾಹನು ಆಲಿಸಿದ ಎಂದೇ ಆ ಅಧ್ಯಾಯ ಶುರುವಾಗುತ್ತದೆ. ಆ ಕೆಟ್ಟ ಪದ್ಧತಿ ತಪ್ಪೆಂದು ತೀರ್ಮಾನವಾಯಿತು. ಹಾಗೆ ಹೇಳಿದ ಗಂಡಸಿಗೆ ಪ್ರಾಯಶ್ಚಿತ್ತ ವಿಧಿಸಲಾಯಿತು. ಗುಲಾಮನೊಬ್ಬನ ಬಿಡುಗಡೆ, ಅದಾಗದಿದ್ದರೆ ಎರಡು ತಿಂಗಳು ಎಡೆಬಿಡದೆ ಉಪವಾಸ, ಅದೂ ಆಗದಿದ್ದರೆ 60 ಮಂದಿ ಬಡವರಿಗೆ ಊಟ.

ಹಝ್ರತ್ ಆಯಿಶಾ(ರ) ಅವರದ್ದು ಇನ್ನೊಂದು ಬಗೆಯ ಬಲ. ಅವರಿಂದ ವರದಿಯಾದ ಹದೀಸ್‌ಗಳ ಸಂಖ್ಯೆ 2,210 ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ದೊಡ್ಡ ದೊಡ್ಡ ಸಹಾಬಿಗಳು ಅನುಮಾನ ಬಂದಾಗ ಅವರ ಬಾಗಿಲಿಗೆ ಹೋಗುತ್ತಿದ್ದರು. ತಪ್ಪು ವರದಿ ಕೇಳಿದರೆ ಅವರು ತಿದ್ದುತ್ತಿದ್ದರು. ಹಾಗೆ ತಿದ್ದಿದ ಸಂದರ್ಭಗಳನ್ನೆಲ್ಲ ಒಟ್ಟು ಮಾಡಿ 14ನೇ ಶತಮಾನದ ವಿದ್ವಾಂಸ ಝರ್ಕಶಿ ಒಂದು ಕಿತಾಬನ್ನೇ ಬರೆದರು. ಪ್ರವಾದಿಯವರ(ಸ) ಪತ್ನಿ ಎಂಬ ಗೌರವ ಅವರಿಗೆ ಇತ್ತು, ನಿಜ. ಆದರೆ ಜನ ಪ್ರಶ್ನೆ ತೆಗೆದುಕೊಂಡು ಬಂದದ್ದು ಅವರಿಗೆ ಗೊತ್ತಿತ್ತು ಎಂಬ ಕಾರಣಕ್ಕೆ.

ಖೌಲಾ ಅವರದ್ದು ನೊಂದವಳ ಧ್ವನಿ, ಆಯಿಶಾ ಅವರದ್ದು ಬಲ್ಲವಳ ಧ್ವನಿ. ಸಮಾಜಕ್ಕೆ ಎರಡೂ ಬೇಕು. ನೊಂದವಳೇ ಬಲ್ಲವಳೂ ಆದರೆ ಅವಳನ್ನು ಸುಮ್ಮನಿರಿಸುವುದು ಕಷ್ಟ.

ಕೋರ್ಟಿನಲ್ಲಿ ಕುರ್‌ಆನ್ ಓದಿದಾಗ

ಈ ಮಾತು ಹಳೆಯ ಕಾಲಕ್ಕೆ ಮಾತ್ರ ಅಲ್ಲ. 2002ರಲ್ಲಿ ಶಮೀಮ್ ಆರಾ ಎಂಬ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರಿಯಾದ ಕಾರಣ ಇಲ್ಲದೆ, ಮೊದಲು ಎರಡೂ ಕಡೆಯ ಮಧ್ಯಸ್ಥರ ಮೂಲಕ ರಾಜಿ ಪ್ರಯತ್ನ ಮಾಡದೆ ಕೊಟ್ಟ ತಲಾಖ್ ಸಲ್ಲದು ಎಂದಿತು. ಆ ತೀರ್ಪಿನ ಹಿಂದೆ ಇದ್ದದ್ದು ಗುವಾಹಟಿ ಹೈಕೋರ್ಟಿನ ನ್ಯಾಯಮೂರ್ತಿ ಬಹಾರುಲ್ ಇಸ್ಲಾಂ ಅವರ ಹಳೆಯ ತೀರ್ಪುಗಳು. ಅವರು ಕುರ್‌ಆನಿನ ವಚನಗಳನ್ನೇ ಇಟ್ಟುಕೊಂಡು ವಿಚಾರ ಮಾಡಿದ್ದರು. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ರದ್ದು ಮಾಡಿತು. 2021ರಲ್ಲಿ ಕೇರಳ ಹೈಕೋರ್ಟ್, ಹೆಣ್ಣಿಗೆ ಖುಲ್ಅ್ ಮುಂತಾದ ಮಾರ್ಗಗಳಿಂದ ಕೋರ್ಟಿನ ಹೊರಗೂ ಮದುವೆ ಬಿಡಿಸಿಕೊಳ್ಳುವ ಹಕ್ಕು ಉಂಟು ಎಂದು ಹೇಳಿ, 1972ರ ತನ್ನದೇ ಹಳೆಯ ತೀರ್ಪನ್ನು ತಳ್ಳಿಹಾಕಿತು.

ಎಲ್ಲಕ್ಕಿಂತ ಹಳೆಯದೂ ನಮ್ಮ ಮನೆಗಳಿಗೆ ಹತ್ತಿರದ್ದೂ ಆದ ಕಾನೂನು 1939ರದ್ದು, ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ. ಅದರ ಪ್ರಕಾರ ಗಂಡ ನಾಲ್ಕು ವರ್ಷದಿಂದ ಎಲ್ಲಿದ್ದಾನೆಂದು ಗೊತ್ತಿಲ್ಲದಿದ್ದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಸರಿಯಾದ ಕಾರಣ ಇಲ್ಲದೆ ಮೂರು ವರ್ಷ ದಾಂಪತ್ಯದ ಕರ್ತವ್ಯ ನಡೆಸದಿದ್ದರೆ ಹೆಂಡತಿ ವಿಚ್ಛೇದನ ಕೇಳಬಹುದು. ಗಲ್ಫಿಗೆ ಹೋದವನು ಫೋನ್ ಎತ್ತುವುದಿಲ್ಲ, ಹಣ ಕಳಿಸುವುದಿಲ್ಲ, ತಲಾಖೂ ಕೊಡುವುದಿಲ್ಲ ಎಂಬ ಸಂಕಟ ನಮ್ಮ ಊರುಗಳಿಗೆ ಹೊಸತಲ್ಲ. ಅಂಥ ಹೆಣ್ಣಿಗೆ "ಸಬರ್ ಮಾಡು" ಎಂದು ಹೇಳುವವರು ಬೇಕಾದಷ್ಟು ಜನ. 1939ರಿಂದಲೇ ಈ ದಾರಿ ಉಂಟು ಎಂದು ಹೇಳುವವರು ಎಷ್ಟು ಜನ?

ವಕೀಲರ ಫೀಸಿನ ಹೆದರಿಕೆಯೂ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಟ್ಟರಾಯಿತು. 15100 ಸಹಾಯವಾಣಿಗೂ ಕರೆ ಮಾಡಬಹುದು.

ತಡ್ಪೆಯ ಮುಂದೆ ಕೂತ ಉಮ್ಮನ ಅರಿವು

ಅರಿವು ಅಂದಕೂಡಲೇ ಕಾಲೇಜು ನೆನಪಾಗುತ್ತದೆ. ಆದರೆ ನಮ್ಮ ತಾಯಂದಿರ ಕೈಯಲ್ಲಿ ಇನ್ನೊಂದು ಬಗೆಯ ಅರಿವು ಇತ್ತು, ಅದಕ್ಕೆ ನಾವು ಹೆಸರೇ ಇಡಲಿಲ್ಲ. ಎಲೆ ಎಷ್ಟು ಹೊತ್ತು ನೆನೆಯಬೇಕು, ಇಷ್ಟು ಎಲೆಯಲ್ಲಿ ಎಷ್ಟು ಬೀಡಿ ಬರುತ್ತದೆ, ಯಾವ ಎಲೆ ಹರಿಯುತ್ತದೆ ಎಂಬುದು ಬೀಡಿ ಕಟ್ಟುವವಳಿಗೆ ಗೊತ್ತಿರುವಷ್ಟು ಬ್ರಾಂಚಿನವನಿಗೆ ಗೊತ್ತಿಲ್ಲ. ಆದರೂ ಕೆಟ್ಟ ಎಲೆ ಕೊಟ್ಟು, ಬೀಡಿ ಕಡಿಮೆ ಬಂತು ಎಂದು ಕೂಲಿ ಹಿಡಿದರೆ ಅವಳು ಸುಮ್ಮನೆ ಬರುತ್ತಿದ್ದಳು. ಗೊತ್ತಿದ್ದದ್ದು ಕೈಗೆ, ಬಾಯಿಗೆ ಬರಲು ಲೆಕ್ಕ ಬೇಕಿತ್ತು, ಪಾಸ್ ಪುಸ್ತಕದಲ್ಲಿ ಬರೆದದ್ದನ್ನು ಓದಲು ಅಕ್ಷರ ಬೇಕಿತ್ತು.

ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಕಾನೂನು ಬಂತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಹೇಳಿತು. ಬೀಡಿ ಮಾಲೀಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟ್ ಕಾನೂನನ್ನು ಎತ್ತಿ ಹಿಡಿಯಿತು. ಆ ಕೇಸು ಮಂಗಳೂರಿನ ಬೀಡಿ ಸಂಸ್ಥೆಯೊಂದರ ಹೆಸರಿನಲ್ಲೇ ಕಾನೂನು ಪುಸ್ತಕಗಳಲ್ಲಿ ಉಂಟು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಗುರುತಿನ ಚೀಟಿ ಇದ್ದವರ ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಗುವಂತಾಯಿತು. ಚೀಟಿ ಮಾಡಿಸಿಕೊಂಡ ಮನೆಯ ಮಕ್ಕಳಿಗೆ ಫೀಸಿಗೆ ಆಸರೆ ಸಿಕ್ಕಿತು. ವಿಷಯವೇ ಗೊತ್ತಿಲ್ಲದ ಮನೆಯ ಮಕ್ಕಳಿಗೆ ಸಿಗಲಿಲ್ಲ. ಎರಡೂ ಮನೆಯಲ್ಲಿ ಕಟ್ಟಿದ್ದು ಅದೇ ಬೀಡಿ.

ನ್ಯಾಯಮೂರ್ತಿ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಾಗ ಬಂದ ಅಂಕಿ ನೆನಪಿರಬಹುದು. 2001ರ ಜನಗಣತಿ ಪ್ರಕಾರ ದೇಶದ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದ್ದು ಶೇ. 59.1. ಐಎಎಸ್ ಅಧಿಕಾರಿಗಳಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4. ಆ ವರದಿಗೆ ಮೊದಲು ನಾವು ಹಿಂದುಳಿದಿದ್ದೇವೆ ಎಂದರೆ "ಎಲ್ಲಿ, ತೋರಿಸಿ" ಎನ್ನುತ್ತಿದ್ದರು. ಅಂಕಿಅಂಶ ಕೈಗೆ ಬಂದ ಮೇಲೆ ಅದೇ ದೂರು ಬೇಡಿಕೆಯಾಯಿತು. ಉಮ್ಮನ ಪಾಸ್ ಪುಸ್ತಕಕ್ಕೂ ಸಾಚಾರ್ ವರದಿಗೂ ಗಾತ್ರದಲ್ಲಿ ವ್ಯತ್ಯಾಸ ಉಂಟು, ಕೆಲಸ ಒಂದೇ.

ಎರಡು ಕಡೆಯ ಒತ್ತಡ

ಅರಿವು ಬಂದವಳ ದಾರಿ ಸಲೀಸು ಎಂದೇನೂ ಅಲ್ಲ. ಅವಳಿಗೆ ಒತ್ತಡ ಎರಡು ಕಡೆಯಿಂದ.

ಒಳಗಿನವರು ಹೇಳುತ್ತಾರೆ: ಮನೆಯ ಮಾತನ್ನು ಬೀದಿಗೆ ತಂದಳು, ಹೊರಗಿನವರಿಗೆ ಕೋಲು ಕೊಟ್ಟಳು. ಈ ಮಾತನ್ನು ಸಾರಾ ಬದುಕಿಡೀ ಕೇಳಿದರು. ಹಾಸನದ ಬಾನು ಮುಷ್ತಾಕ್ ಕೇಳಿದರು. ಹೆಣ್ಣುಮಕ್ಕಳ ಮಸೀದಿ ಪ್ರವೇಶದ ಬಗ್ಗೆ ಮಾತಾಡಿದ್ದಕ್ಕೆ 2000ದಲ್ಲಿ ಅವರಿಗೆ ಬಹಿಷ್ಕಾರ ಹಾಕಲಾಯಿತು. ಅದೇ ಬಾನು ಅವರ 'ಎದೆಯ ಹಣತೆ'ಯ ಕತೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಬಾನು ಅವರ ಬಲ ಬರಿಯ ಕತೆಗಾರಿಕೆಯದ್ದಲ್ಲ. ಅವರು ವಕೀಲರು. ತಮ್ಮಲ್ಲಿಗೆ ಬಂದ ಹೆಣ್ಣುಮಕ್ಕಳ ಕಷ್ಟವನ್ನು ಕೋರ್ಟಿನ ಭಾಷೆಯಲ್ಲೂ ಹೇಳಬಲ್ಲರು, ಕತೆಯ ಭಾಷೆಯಲ್ಲೂ ಹೇಳಬಲ್ಲರು.

ಹೊರಗಿನವರ ಒತ್ತಡ ಬೇರೆ ಥರ. ಮುಸ್ಲಿಂ ಹೆಣ್ಣು ತಲಾಖ್, ಬುರ್ಖಾ ಬಗ್ಗೆ ಮಾತಾಡಿದರೆ ಮೈಕ್ ಹಿಡಿಯುತ್ತಾರೆ. ಅವಳೇ ರಸ್ತೆ, ರೇಷನ್, ಕೋಮುಗಲಭೆ, ಕಾಲೇಜಿನ ಸೀಟಿನ ಬಗ್ಗೆ ಮಾತಾಡಿದರೆ ಮೈಕ್ ಮಾಯ. ಸಾರಾ ಅವರ ಮೊದಲ ಲೇಖನ ಯಾವುದರ ಬಗ್ಗೆ ಇತ್ತು ಗೊತ್ತುಂಟಾ? ಕೋಮು ಸೌಹಾರ್ದದ ಬಗ್ಗೆ. ಅವರು ನಮ್ಮೊಳಗಿನ ಅನ್ಯಾಯದ ಬಗ್ಗೆ ಬರೆದಷ್ಟೇ ಗಟ್ಟಿಯಾಗಿ ನಮ್ಮ ಮೇಲಿನ ಅನ್ಯಾಯದ ಬಗ್ಗೆಯೂ ಮಾತಾಡಿದರು. ಹೊಗಳಿದವರೂ ತೆಗಳಿದವರೂ ಅವರ ಅರ್ಧವನ್ನು ಮಾತ್ರ ಓದಿದರು.

ತನ್ನ ಮಾತಿನ ಮೇಲೆ ತನಗೇ ಅಧಿಕಾರ ಇರಬೇಕು ಎಂಬುದನ್ನೂ ಅವರು ಬಲ್ಲರು. 1994ರಲ್ಲಿ 'ಚಂದ್ರಗಿರಿ ಪ್ರಕಾಶನ' ಎಂದು ತಮ್ಮದೇ ಪ್ರಕಾಶನ ಶುರು ಮಾಡಿದರು. 1990ರಿಂದ ನಾಲ್ಕು ವರ್ಷ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷೆಯಾಗಿದ್ದರು. ಆ ಸಂಘದ ಹೆಸರನ್ನು ಗಮನಿಸಿ: ಬರೆಯುವವರಿಗೆ ಮಾತ್ರ ಅಲ್ಲ, ಓದುವ ಹೆಂಗಸರಿಗೂ ಅಲ್ಲಿ ಜಾಗ. ಬ್ಯಾರಿ ಭಾಷೆಯ ಮೊದಲ ಸಿನಿಮಾ 'ಬ್ಯಾರಿ' 2011ರ ಸಾಲಿನ ರಾಷ್ಟ್ರೀಯ ಪ್ರಶಸ್ತಿ ಪಡೆದಾಗ, ಆ ಕತೆ ತನ್ನ ಕಾದಂಬರಿಯದ್ದು ಎಂದು ಅವರು ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಪ್ರಾಯ ಎಪ್ಪತ್ತೈದು ದಾಟಿತ್ತು.

2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಹೋದಾಗ ಅವರಿಗೆ 86 ವರ್ಷ. ಅವರ ಎಲ್ಲ ಮಾತನ್ನೂ ನಾವು ಒಪ್ಪಬೇಕಾಗಿಲ್ಲ. ಒಪ್ಪದವರು ಉತ್ತರ ಕೊಡಬೇಕಾದರೆ ಅವರಷ್ಟೇ ಓದಬೇಕು.

ನಮ್ಮ ಮೊಹಲ್ಲಾದಲ್ಲಿ ಏನು ಮಾಡಬಹುದು

ಬ್ಯಾರಿಗಳಿಗೆ ಕಲಿಕೆಯ ಸಂಸ್ಥೆ ಕಟ್ಟುವುದು ಗೊತ್ತುಂಟು. ಉಳ್ಳಾಲದ ಶಾಸಕರಾಗಿದ್ದ ಕವಿ ಬಿ.ಎಂ. ಇದಿನಬ್ಬ ಅವರ ಅಧ್ಯಕ್ಷತೆಯಲ್ಲಿ ಮೊದಲ ಬ್ಯಾರಿ ಸಾಹಿತ್ಯ ಸಮ್ಮೇಳನ ನಡೆಯಿತು. ಬರೇ ಮನೆಮಾತು ಎಂದು ತಳ್ಳಿಹಾಕುತ್ತಿದ್ದ ಭಾಷೆಗೆ 2007ರಲ್ಲಿ ಸರಕಾರವೇ ಬ್ಯಾರಿ ಸಾಹಿತ್ಯ ಅಕಾಡೆಮಿ ಕೊಟ್ಟಿತು. ಭಾಷೆಯನ್ನು ಓದಿ, ಸಂಗ್ರಹಿಸಿ, ವಾದ ಮಂಡಿಸಿದವರು ಇದ್ದ ಕಾರಣ ಅದು ಸಾಧ್ಯವಾಯಿತು. ಭಾಷೆಗೆ ಮಾಡಿದ್ದನ್ನು ಮನೆಯ ಹೆಣ್ಣುಮಕ್ಕಳಿಗೂ ಮಾಡಬಹುದು.

ದೊಡ್ಡ ಬಜೆಟ್ ಬೇಕಾಗಿಲ್ಲ. ಕುರ್‌ಆನ್ ಓದಲು ಬರುವ ನಮ್ಮ ಹೆಣ್ಣುಮಕ್ಕಳಲ್ಲಿ ಅರ್ಥ ತಿಳಿದು ಓದುವವರು ಕಡಿಮೆ. ಕನ್ನಡ ಅನುವಾದ ಮಂಗಳೂರಿನಲ್ಲೇ ಸಿಗುತ್ತದೆ. ಹೆಂಗಸರ ಕ್ಲಾಸಿನಲ್ಲಿ ನಾಲ್ಕನೇ ಅಧ್ಯಾಯದ ಮದುವೆ ಮತ್ತು ಆಸ್ತಿಯ ವಚನಗಳನ್ನು, 58ನೇ ಅಧ್ಯಾಯದ ಆರಂಭವನ್ನು ಉಸ್ತಾದರು ಅರ್ಥಸಹಿತ ಓದಿಸಲಿ. ಮಗಳ ಪಾಲು ಎಷ್ಟು ಎಂದು ಮಗಳಿಗೇ ಗೊತ್ತಿರಲಿ.

ನಿಕಾಹ್‌ಗೆ ಮೊದಲು ಹುಡುಗಿಗೂ ಹುಡುಗನಿಗೂ ಒಂದು ದಿನದ ತಿಳಿವಳಿಕೆ ಕೊಡಬಹುದು. ಅಲ್ಲಿ ಖತೀಬರು ಒಂದು ಗಂಟೆ ಮಾತಾಡಿದರೆ, ನಮ್ಮದೇ ಸಮುದಾಯದ ಮಹಿಳಾ ವಕೀಲೆ ಒಂದು ಗಂಟೆ ಮಾತಾಡಲಿ. ಜಮಾಅತಿನ ಮುಂದೆ ದಾಂಪತ್ಯದ ತಕರಾರು ಬಂದಾಗ, ಹೆಣ್ಣಿನ ಮಾತನ್ನು ಅವಳ ಬಾಯಿಂದಲೇ ಕೇಳಲು ಇಬ್ಬರು ಓದಿದ, ಪ್ರಾಯದ ಹೆಂಗಸರು ಕೂರಲಿ. ಖೌಲಾರ(ರ) ಮಾತನ್ನು ಅವರಿಂದಲೇ ಕೇಳಿದ ಪ್ರವಾದಿಯ(ಸ) ಉಮ್ಮತ್ ನಾವು. ಇದರಲ್ಲಿ ಹೊಸತು ಏನೂ ಇಲ್ಲ.

ಇನ್ನು ಮನೆಯೊಳಗೆ. ಮಗಳು ಬಿ.ಕಾಂ. ಮಾಡಿದ್ದರೆ ಮನೆಯ ಬ್ಯಾಂಕಿನ ಲೆಕ್ಕ ಅವಳು ನೋಡಲಿ. ಸೊಸೆ ನರ್ಸಿಂಗ್ ಓದಿದ್ದರೆ ಮಾವನ ಮಾತ್ರೆಯ ವಿಷಯದಲ್ಲಿ ಅವಳ ಮಾತೇ ಕೊನೆಯದಾಗಲಿ. ಚಿಕ್ಕ ವಿಷಯ ಅನಿಸಬಹುದು. ಆದರೆ ಮಾತ್ರೆಯ ವಿಷಯದಲ್ಲಿ ಮಾತು ನಡೆಯದ ಮನೆಯಲ್ಲಿ ಮಹರಿನ ವಿಷಯದಲ್ಲಿ ನಡೆಯುತ್ತದೆ ಎಂದು ನಂಬಲು ಸಾಧ್ಯ ಇಲ್ಲ.

ಮುಂದಿನ ಫಲಿತಾಂಶಕ್ಕೆ ಫ್ಲೆಕ್ಸ್ ಹಾಕುವವರು ಖಂಡಿತ ಹಾಕಲಿ. ಜತೆಗೆ ಕಮಿಟಿಯ ಮುಂದಿನ ಮೀಟಿಂಗಿಗೆ, ಹಿಂದಿನ ವರ್ಷ ಫ್ಲೆಕ್ಸಿನಲ್ಲಿ ಹೆಸರಿದ್ದ ಒಬ್ಬಳನ್ನು ಕರೆದು, ಹೆಣ್ಣುಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗಳ ಜವಾಬ್ದಾರಿ ವಹಿಸಿ ನೋಡಲಿ.